ನಾಲ್ಕನೆಯ ಹಗ್ಗ

ಕಪ್ಪು ಟೈ ಕಟ್ಟಿಕೊಳ್ಳುವ ಮೊದಲು ಫೋನಿನ ಕೆಲಸ ಮುಗಿಸಿಬಿಡೋಣವೆಂದು ಡೂಗಲ್ಡ್ ಮಂಚದ ಅಂಚಿಗೆ ಕೂತ. ಫೋನಿನಲ್ಲೇ ನಡೆಯುತ್ತಿದ್ದ ಹರಾಜು ಮುಗಿಯುವುದು ಮಧ್ಯಾಹ್ನ ಮೂರಕ್ಕೆ. ಅಷ್ಟು ಹೊತ್ತಿಗೆ ಎಫಿಯನ್ನು ಮಣ್ಣಿಗಿಳಿಸಿ, ಎಲ್ಲರೂ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಊಟಕ್ಕೆ ಕೂತಿರುತ್ತಾರೆ. ಸಾವಿನೂಟದ ಮೇಜಿನ ಕೆಳಗೆ ಫೋನ್ ಹಿಡಿದುಕೊಂಡು ಬೆಲೆ ಏರಿಸುವಷ್ಟು ತಾನು ಇನ್ನೂ ಕೆಟ್ಟಿಲ್ಲವೆಂದು ಅವನಿಗೆ ತನ್ನ ಮೇಲೆ ಸಣ್ಣ ಹೆಮ್ಮೆಯೇ ಬಂತು. ಅದಕ್ಕೇ ಈ ಏರ್ಪಾಡು. ಎಲ್ಲಿಯವರೆಗೆ ಹೋಗಲು ಸಿದ್ಧ ಎಂದು ಒಮ್ಮೆ ಬರೆದುಬಿಟ್ಟರೆ ಸಾಕು; ಆಮೇಲೆ ಬೇರೆಯವರು ಏರಿಸಿದಂತೆಲ್ಲ ಅವನ ಪರವಾಗಿ ಯಂತ್ರವೇ ಅದಕ್ಕಿಂತ ಸ್ವಲ್ಪ ಮೇಲೆ ಏರಿಸುತ್ತಾ ಹೋಗುತ್ತದೆ. ಬರೆದದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮಾಡಬಾರದ್ದನ್ನು ಮಾಡಲು ಆಳೊಬ್ಬನನ್ನು ಇಟ್ಟುಕೊಂಡು ತಾನು ಶುಚಿಯಾಗಿ ಪ್ರಾರ್ಥನೆಗೆ ಹೋಗುವ ಯಜಮಾನನ ಹಾಗೆ, ಎಂದು ಅನ್ನಿಸಿತು. ಅನ್ನಿಸಿದ್ದನ್ನು ಪಕ್ಕಕ್ಕೆ ತಳ್ಳಿ ಮೊತ್ತ ಬರೆದ. ಬರೆದದ್ದನ್ನು ಇನ್ನೊಮ್ಮೆ ಓದಿದ. ಎದೆಗೆ ಚುಚ್ಚಿಕೊಳ್ಳುವ, ಗಾಜಿನ ಮಣಿಗಳ ಹಳೇ ಬ್ರೋಚಿಗೆ ಯಾವ ಹುಚ್ಚನೂ ಅಷ್ಟು ಕೊಡುವುದಿಲ್ಲ. ಗಾಜಲ್ಲವೆಂದು ಗೊತ್ತಿರುವವನು ಮಾತ್ರ ಕೊಡಬೇಕು. ಹಾಗೆ ಗೊತ್ತಿರುವವನು ಈ ಊರಿನಲ್ಲಿ ಒಬ್ಬನೇ. ಗುಂಡಿ ಒತ್ತಿ, ಎದ್ದು, ಕನ್ನಡಿಯ ಮುಂದೆ ಟೈ ಕಟ್ಟಿಕೊಂಡ. ಗಂಟು ಓರೆಯಾಗಿ ಬಂತು, ಬಿಚ್ಚಿ ಮತ್ತೆ ಕಟ್ಟಿದ.

ತನ್ನ ಕನ್ನಡಕದಂಗಡಿಯಲ್ಲಿ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಹತ್ತಿದ ಚಟ ಅದು. ಸತ್ತವರ ಮನೆಗಳಿಂದ, ವೃದ್ಧಾಶ್ರಮ ಸೇರಿದವರ ಮನೆಗಳಿಂದ ಪೆಟ್ಟಿಗೆಗಟ್ಟಲೆ ಬಂದ ಸಾಮಾನುಗಳ ಚಿತ್ರಗಳನ್ನು ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ, ವಿವರ ಬರೆದವನು ಎಲ್ಲಿ ಎಡವಿದ್ದಾನೆಂದು ಹುಡುಕುವುದು. ಹಸಿರು ಗಾಜು ಎಂದು ಬರೆದ ಕಡೆ ಪಚ್ಚೆ, ಹಿತ್ತಾಳೆ ಎಂದು ಬರೆದ ಕಡೆ ಚಿನ್ನ. ಬಹಳ ಸಲ ಬರೆದವನೇ ಸರಿಯಾಗಿರುತ್ತಿದ್ದ. ನೀಲವೆಂದು ತಾನೇ ನಿಶ್ಚಯ ಮಾಡಿಕೊಂಡು ಕೊಂಡ ಉಂಗುರವನ್ನು ಪರ್ತ್ ಪೇಟೆಯ ಒಡವೆಯಂಗಡಿಗೆ ಒಯ್ದಾಗ, ಅಲ್ಲಿಯ ಹೆಂಗಸು ಭೂತಗನ್ನಡಿಯನ್ನು ಕಣ್ಣಿಗೇರಿಸುವ ಕಷ್ಟವನ್ನೂ ತೆಗೆದುಕೊಳ್ಳದೆ, "ಬಣ್ಣ ಚೆನ್ನಾಗಿದೆ, ಮೊಮ್ಮಗಳಿಗೆ ಕೊಡಿ, ಆಟ ಆಡ್ಕೊಳ್ಳಲಿ" ಎಂದಿದ್ದಳು. ಅವನಿಗೆ ಮಕ್ಕಳೇ ಇರಲಿಲ್ಲ. ಆದರೂ ಬಿಡಲಿಲ್ಲ. ಅಗ್ಗಕ್ಕೆ ಸಿಕ್ಕಿದ ವಸ್ತುವಿಗಿಂತ ಅದನ್ನು ಮಾರಿದವನಿಗೆ ಗೊತ್ತಿರಲಿಲ್ಲ ಎಂಬುದೇ ಅವನಿಗೆ ರುಚಿಸುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಊರಿನವರು ಮಾತ್ರ, ಡೂಗಿಗೆ ಹಳೇ ಕಾಲದ ವಸ್ತುಗಳೆಂದರೆ ಪ್ರಾಣ, ಎಷ್ಟು ಓದಿಕೊಂಡಿದ್ದಾನೆ ಎನ್ನುತ್ತಿದ್ದರು. ಎಫಿಯ ಮಗಳು ಶೋನಾ ಕೂಡ ಹಾಗೆಯೇ ಅಂದುಕೊಂಡು ಜನವರಿಯ ಒಂದು ಮಧ್ಯಾಹ್ನ ಅವನನ್ನು ತಾಯಿಯ ಮನೆಗೆ ಕರೆದಿದ್ದಳು.

ಶವದ ಪೆಟ್ಟಿಗೆಯ ಹಿಂದೆ ನಡೆಯುತ್ತಿದ್ದಾಗ ಅವನಿಗೆ ನೆನಪಾದದ್ದು ಆ ಮಧ್ಯಾಹ್ನದ ಚಹಾದ ವಾಸನೆ. ಎಫಿಯನ್ನು ಆಗಷ್ಟೇ ವೃದ್ಧಾಶ್ರಮಕ್ಕೆ ಸೇರಿಸಿದ್ದರು. ಬಾಡಿಗೆ ಮನೆ, ಖಾಲಿ ಮಾಡಬೇಕಿತ್ತು. ನೆಲದ ಮೇಲೆಲ್ಲ ರಟ್ಟಿನ ಪೆಟ್ಟಿಗೆ. ಶೋನಾ ಸ್ವೆಟರಿನ ತೋಳು ಮಡಚಿಕೊಂಡು, ಒಂದು ಬಿಸ್ಕತ್ತಿನ ಡಬ್ಬದಿಂದ ಬ್ರೋಚನ್ನು ತೆಗೆದು ಅವನ ಅಂಗೈಗೆ ಹಾಕಿದಳು. ಬೆಳ್ಳಿಯ ಕಡ್ಡಿಯ ಮೇಲೆ ಮೂರು ಮಣಿ, ಬಿಳಿ ಎನ್ನಲಾಗದು, ಸ್ವಲ್ಪ ಬೂದಿ, ಸ್ವಲ್ಪ ನೇರಳೆ. "ಅಮ್ಮ ಇದನ್ನ ತಾತ ಹೊಳೇಲಿ ಹುಡುಕಿ ತಂದಿದ್ದು ಅಂತಾಳಪ್ಪ. ಬಕೆಟ್ಟಿನ ತಳಕ್ಕೆ ಗಾಜು ಹಾಕ್ಕೊಂಡು, ಸೊಂಟದವರೆಗೂ ನೀರಲ್ಲಿ ನಿಂತು, ತಳದಲ್ಲಿ ಮುತ್ತಿನ ಚಿಪ್ಪು ಹುಡುಕ್ತಿದ್ನಂತೆ. ಅಮ್ಮನ ಕತೆ ಗೊತ್ತಲ್ಲ ನಿಂಗೆ. ನೋಡು, ನಿಜಾನಾ?" ಅವನು ಕಿಟಕಿಯ ಕಡೆ ತಿರುಗಿ ಒಂದು ಮಣಿಯನ್ನು ಮುಂದಿನ ಹಲ್ಲಿಗೆ ಮೆಲ್ಲಗೆ ಉಜ್ಜಿದ. ಗಾಜಾದರೆ ಜಾರುತ್ತದೆ. ಇದು ಜಾರಲಿಲ್ಲ. ಸಣ್ಣ ಮರಳಿನಂತೆ ಹಲ್ಲನ್ನು ಹಿಡಿಯಿತು. ಟೇ ಹೊಳೆಯ ಚಿಪ್ಪಿನ ಮುತ್ತು. ಈಗ ಆ ಚಿಪ್ಪನ್ನು ಮುಟ್ಟಿದರೂ ಅಪರಾಧ, ಹೊಸದಾಗಿ ಇನ್ನು ಯಾರಿಗೂ ಸಿಗಲಾರದು. ಮೂರು, ಒಂದೇ ಬಣ್ಣದ್ದು, ಒಂದೇ ಗಾತ್ರದ್ದು. ಇಷ್ಟು ವರ್ಷ ಚಿತ್ರಗಳಲ್ಲಿ ಹುಡುಕಿದ್ದು ಬಿಸ್ಕತ್ತಿನ ಡಬ್ಬದಲ್ಲಿತ್ತು. ಸಂತೆಯ ಮೇಜುಗಳ ಮುಂದೆ ಬೇಕಾದದ್ದನ್ನು ನೋಡಿಯೂ ನೋಡದಂತೆ ನಿಲ್ಲುವುದನ್ನು ಅವನ ಮುಖ ಚೆನ್ನಾಗಿ ಕಲಿತುಬಿಟ್ಟಿತ್ತು. ಆ ಮುಖವೇ ತಿರುಗಿ ಹೇಳಿತು: "ಗಾಜು. ಮೇಲೆ ಬಣ್ಣ ಹಚ್ಚಿದ್ದು."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಎಂದು ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದ. ಬಾಯಿಗೆ ಬಂದದ್ದು ಬಂದುಬಿಟ್ಟಿತು, ಅಷ್ಟೆ. ಅದನ್ನು ತಿದ್ದುವುದಕ್ಕೆ ಚಹಾ ಸೋಸುವಷ್ಟು ಹೊತ್ತು ಸಮಯವೂ ಇತ್ತು. ಶೋನಾ ಬೆನ್ನು ತಿರುಗಿಸಿ ಕೆಟ್ಲು ಹಿಡಿದಿದ್ದಳು. "ತಾಳು, ಇನ್ನೊಂದ್ಸಲ ನೋಡ್ತೀನಿ" ಎಂದರೆ ಮುಗಿಯುತ್ತಿತ್ತು. ಅವನು ಸಕ್ಕರೆ ಕೇಳಿದ. ಇನ್ನೂ ನಾಚಿಕೆಯಾಗುವುದು ಮುಂದಿನ ಮಾತಿಗೆ. ಶೋನಾ ನಗುತ್ತಾ, "ಗಾಜಾದ್ರೆ ನೀನೇ ಇಟ್ಕೋ ಮಾರಾಯ, ಇಷ್ಟು ದೂರ ಬಂದಿದ್ದಕ್ಕೆ" ಎಂದು ಬ್ರೋಚನ್ನು ಅವನ ಕೋಟಿನ ಜೇಬಿಗೇ ಹಾಕಲು ಬಂದಿದ್ದಳು. ಅವನು ಹಾವು ಮುಟ್ಟಿದವನಂತೆ ಹಿಂದೆ ಸರಿದು, "ಛೆ, ಬೇಡ ಬೇಡ, ಮಿಕ್ಕಿದ್ದರ ಜೊತೆ ಹರಾಜಿಗೆ ಹಾಕು, ನಾಲ್ಕು ಕಾಸಾದ್ರೂ ಬರುತ್ತೆ" ಎಂದಿದ್ದ. ಪುಕ್ಕಟೆ ತೆಗೆದುಕೊಂಡರೆ ಕದ್ದಂತೆ; ಹತ್ತು ಜನರ ಮುಂದೆ ಕೂಗಿ ಕೊಂಡರೆ ವ್ಯವಹಾರ. ಕದಿಯುವುದಾದರೂ ಮರ್ಯಾದಸ್ಥನಾಗಿಯೇ ಕದಿಯಬೇಕೆಂದು ತನಗೆ ಅನ್ನಿಸಿತಲ್ಲ ಎಂಬುದು ಈಗ ಸಮಾಧಿಗಳ ನಡುವಿನ ಒದ್ದೆ ಹುಲ್ಲಿನ ಮೇಲೆ ನಡೆಯುವಾಗ ಎಷ್ಟು ಹೊಲಸಾಗಿ ಕಂಡಿತೆಂದರೆ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಅವನು ಕೆಮ್ಮಿದ.

ಜೇಬಿನಲ್ಲಿ ಕಾರ್ಡಿತ್ತು. ಶವಸಂಸ್ಕಾರದವರು ಕೊಟ್ಟದ್ದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಪೆಟ್ಟಿಗೆಯ ಆಕಾರ, ಸುತ್ತ ಅಂಕಿಗಳು, ನಾಲ್ಕರ ಪಕ್ಕ ಶೋನಾಳ ಕೈಬರಹದಲ್ಲಿ ಅವನ ಹೆಸರು. ಪೆಟ್ಟಿಗೆಯನ್ನು ಗುಂಡಿಗಿಳಿಸುವ ಹಗ್ಗಗಳನ್ನು ಯಾರು ಯಾರು ಹಿಡಿಯಬೇಕೆಂದು ಮನೆಯವರೇ ಆರಿಸುತ್ತಾರೆ. ತಲೆಯ ಬಳಿ ಮಗಳು, ಆಮೇಲೆ ರಕ್ತಸಂಬಂಧಿಗಳು, ಆಮೇಲೆ ರಕ್ತಕ್ಕೆ ಸಮನಾದವರು. ಹಗ್ಗ ಸಿಗದವರು ವರ್ಷಗಟ್ಟಲೆ ಮಾತು ಬಿಟ್ಟದ್ದುಂಟು. ಸಿಕ್ಕಿದವರು ಕಾರ್ಡನ್ನು ಬೈಬಲ್ಲಿನೊಳಗೆ ಇಟ್ಟುಕೊಂಡಿರುತ್ತಾರೆ. ಡೂಗಲ್ಡನಿಗೆ ಈ ಊರಿನಲ್ಲಿ ಇದುವರೆಗೆ ತಂದೆಯ ಹಗ್ಗ ಬಿಟ್ಟರೆ ಬೇರೆ ಸಿಕ್ಕಿರಲಿಲ್ಲ. ಮೊನ್ನೆ ಕಾರ್ಡು ಕೈಗೆ ಬಂದಾಗ ಬೇಡವೆನ್ನಬೇಕೆಂದುಕೊಂಡ. ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಈಗ ಹೆಸರು ಕರೆದಾಗ ಮುಂದೆ ಹೋಗಿ ನಿಂತ. ಹಗ್ಗದ ತುದಿಯ ಕುಚ್ಚು ರೇಷ್ಮೆಯದು, ತಣ್ಣಗಿತ್ತು. ಎದುರಿಗೆ ಶೋನಾಳ ಚಿಕ್ಕಪ್ಪ ಹೆಕ್ಟರ್, ಬಸ್ಸು ಓಡಿಸಿ ನಿವೃತ್ತನಾದ ಭಾರೀ ಆಳು, ಮೂಗು ಕೆಂಪಾಗಿತ್ತು. ಎಫಿ ಬದುಕಿದ್ದಾಗಲೇ ಹಗುರ; ಆದರೂ ಹಗ್ಗ ಬಿಗಿಯಾಯಿತು, ಅಂಗೈಯೊಳಗೆ ಜಾರುತ್ತಾ ಹೋಯಿತು. ಆಗ ಪ್ಯಾಂಟಿನ ಜೇಬಿನಲ್ಲಿ, ತೊಡೆಯ ಮೇಲೆ ಫೋನು ಗುರ್ರೆಂದಿತು. ಸ್ವಲ್ಪ ಹೊತ್ತಿಗೆ ಮತ್ತೆ. ಪಾದ್ರಿ ಮಣ್ಣು ಮಣ್ಣಿಗೆ ಎನ್ನುತ್ತಿದ್ದರು. ಹಿಡಿದದ್ದನ್ನು ಬಿಡುವಂತಿಲ್ಲ. ಇಬ್ಬರು ಬೆಲೆ ಏರಿಸುತ್ತಿದ್ದಾರೆ ಎಂದು ಅವನ ತಲೆಯ ಒಂದು ಮೂಲೆ ಲೆಕ್ಕ ಹಾಕಿತು, ಇನ್ನೊಂದು ಮೂಲೆ ಆ ಲೆಕ್ಕ ಹಾಕುವ ಮೂಲೆಯನ್ನು ನೋಡಿ ಹೇಸಿತು. ಪೆಟ್ಟಿಗೆ ತಳ ಮುಟ್ಟಿದ ಮೇಲೆ ಎಲ್ಲರೂ ಹಗ್ಗವನ್ನು ಒಳಗೆ ಬಿಟ್ಟರು. ಅವನದು ಕೊನೆಯದಾಗಿ ಬಿತ್ತು.

ಸಭಾಂಗಣದಲ್ಲಿ ಬಿಸಿ ಬಿಸಿ ಮಾಂಸದ ಪೈ, ಬೇಯಿಸಿದ ಆಲೂಗಡ್ಡೆ, ಬಟಾಣಿ. ಒದ್ದೆ ಕೋಟುಗಳಿಂದ ಹಬೆಯೇಳುತ್ತಿತ್ತು. ಹಗ್ಗ ಹಿಡಿದವರಿಗೆಂದು ಮುಂದಿನ ಮೇಜು ಬಿಟ್ಟಿದ್ದರು. ಹೆಕ್ಟರ್ ಆಗಲೇ ಕೂತು ತಟ್ಟೆಗೆ ಗ್ರೇವಿ ಸುರಿದುಕೊಳ್ಳುತ್ತಿದ್ದ.

"ಬಾರಯ್ಯ ಕನ್ನಡಕದವನೇ, ಕೂತ್ಕೋ. ಹಗ್ಗ ಬಿಡೋಕೆ ಅಷ್ಟು ಹೊತ್ತು ಮಾಡಿದ್ಯಲ್ಲ, ನೀನೂ ಜೊತೆಗೇ ಇಳೀತೀಯೇನೋ ಅಂದ್ಕೊಂಡೆ."

ಮೇಜಿನವರು ನಕ್ಕರು, ಸಾವಿನ ಮನೆಯಲ್ಲಿ ನಗುವ ಹಾಗೆ, ಅಷ್ಟೇ ಬೇಗ ಸುಮ್ಮನಾದರು. ಡೂಗಲ್ಡ್ ಕೂತ. ಎಲ್ಲರಿಗೂ ಕೈಕುಲುಕಿ ಮುಗಿಸಿ ಶೋನಾ ಬಂದು ಅವನ ಪಕ್ಕದ ಕುರ್ಚಿಯಲ್ಲಿ ದೊಪ್ಪೆಂದು ಬಿದ್ದಳು. ಬೂಟಿನಿಂದ ಹಿಮ್ಮಡಿ ಬಿಡಿಸಿಕೊಂಡಳು. ಕೈಚೀಲದಿಂದ ಫೋನ್ ತೆಗೆದು ಮೇಜಿನ ಅಂಚಿಗಿಂತ ಕೆಳಗೆ, ತೊಡೆಯ ಮೇಲಿಟ್ಟುಕೊಂಡಳು.

"ಬೈಬೇಡ ಡೂಗಿ," ಎಂದಳು ಮೆಲ್ಲಗೆ. "ಅಮ್ಮನ್ನ ಮಣ್ಣು ಮಾಡಿದ ದಿನ ಇದನ್ನ ನೋಡ್ತಾ ಕೂತಿದ್ದಾಳೆ ಅನ್ಬೇಡ. ಆ ಬ್ರೋಚು. ನಂಗೆ ವಾಪಸ್ ಬೇಕು."

ಅವನು ಪೈಯ ಒಂದು ತುಂಡು ಕತ್ತರಿಸಿದ. "ಅವ್ರನ್ನ ಕೇಳ್ಬಹುದಿತ್ತಲ್ಲ, ಹರಾಜಿನವ್ರನ್ನ," ಎಂದ. ಧ್ವನಿ ಸಾಧಾರಣವಾಗಿಯೇ ಬಂತು. ಹಾಗೆ ಬಂದದ್ದಕ್ಕೆ ಅವನಿಗೆ ಭಯವಾಯಿತು.

"ಕೇಳ್ದೆ. ಅಮ್ಮ ಹೋದ ಮಾರನೇ ದಿನಾನೇ ಫೋನ್ ಮಾಡ್ದೆ. ಯಾರೋ ಆಗ್ಲೇ ಒಂದು ಬೆಲೆ ಹಾಕ್ಬಿಟ್ಟಿದ್ದಾರೆ, ಇನ್ನು ತೆಗಿಯೋಕಾಗಲ್ಲ ಅಂದ್ರು. ನನ್ ಹೆಸ್ರಲ್ಲಿ ನನ್ ಸಾಮಾನೇ ಕೂಗೋ ಹಾಗಿಲ್ವಂತೆ. ಚಿಕ್ಕಪ್ಪನ ಹೆಸ್ರಲ್ಲಿ ಕೂಗ್ತಿದೀನಿ."

"ನನ್ ಹೆಸ್ರಲ್ಲೇ," ಎಂದ ಹೆಕ್ಟರ್, ಬಾಯಿ ತುಂಬ ಪೈ. "ಪೊಲೀಸ್ನೋರು ಬಂದ್ರೆ ಜೈಲಿಗೂ ನಾನೇ ಹೋಗೋದು. ಊಟ ಅಲ್ಲಿ ಚೆನ್ನಾಗಿರುತ್ತಂತೆ." ಅಷ್ಟು ಹೇಳಿ ಆಲೂಗಡ್ಡೆ ತರಲು ಎದ್ದುಹೋದ.

ಮೊದಲ ಬೆಲೆ ಹಾಕಿದ್ದು ತಾನು. ಎಫಿ ಬದುಕಿದ್ದಾಗಲೇ, ಒಂದು ಭಾನುವಾರ, ಬೇರೆ ಯಾರಿಗೂ ಆಸೆ ಹುಟ್ಟದಿರಲೆಂದು ಒಂದು ಊಟದ ದುಡ್ಡಿಗಿಂತ ಕಡಿಮೆ, ಸುಮ್ಮನೆ ಗುರುತಿಗೆ. ಆ ಗುರುತೇ ಅವಳಿಗೆ ಬಾಗಿಲು ಹಾಕಿತ್ತು. ಶೋನಾಳ ಹೆಬ್ಬೆರಳು ಚಲಿಸಿತು, ಒತ್ತಿತು. ಆ ಕ್ಷಣವೇ ಅವನ ತೊಡೆಯ ಮೇಲೆ ಗುರ್ರೆಂದಿತು. ತೆಗೆದು ನೋಡಬೇಕಾಗಿರಲಿಲ್ಲ, ಇನ್ನೂ ನೀವೇ ಮುಂದಿದ್ದೀರಿ ಎಂದು ಬರೆದಿರುತ್ತದೆ. "ಥೂ, ಮತ್ತೆ ಏರಿಸಿದ ನೋಡು," ಎಂದಳು ಶೋನಾ. "ಕೈ ತೆಗಿಯೋಕೂ ಬಿಡಲ್ಲ. ಕಾಯ್ಕೊಂಡೇ ಕೂತಿದ್ದಾನೆ, ದರಿದ್ರ." ಮತ್ತೆ ಒತ್ತಿದಳು. ಮತ್ತೆ ಗುರ್ರೆಂದಿತು. ಅವರ ಮೊಣಕೈಗಳು ತಾಗಿಕೊಂಡಿದ್ದವು. ಅವಳ ಕೋಟಿನಲ್ಲಿ ಇನ್ನೂ ಸ್ಮಶಾನದ ಚಳಿಯಿತ್ತು. ಅವನು ಕಾಲನ್ನು ಮೇಜಿನ ಆ ಕಡೆಗೆ ಎಳೆದುಕೊಂಡ, ಫೋನನ್ನು ಬಟ್ಟೆಯ ಮೇಲಿಂದಲೇ ಅಂಗೈಯಲ್ಲಿ ಅದುಮಿದ. ಬೆಳಿಗ್ಗೆ ತಾನು ಬರೆದ ಮೊತ್ತವನ್ನು ಅವಳು ಯಾವತ್ತೂ ಮುಟ್ಟಲಾರಳು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವವಳು. ನಿಲ್ಲಿಸೋಣವೆಂದರೆ ಅದು ನಿಲ್ಲುವಂಥದ್ದಲ್ಲ.

"ಗಾಜಿಗೆ ಇಷ್ಟೊಂದು ಯಾರಪ್ಪ ಕೊಡ್ತಾರೆ?" ಅವಳು ಅವನ ಮುಖ ನೋಡಿದಳು. ಅನುಮಾನದಿಂದಲ್ಲ, ತಿಳಿದವನನ್ನು ಕೇಳುವ ಹಾಗೆ. "ಹೇಳು, ನಿಂಗೆ ಗೊತ್ತಿರುತ್ತಲ್ಲ. ಇನ್ನೂ ಏರಿಸ್ಲಾ, ಬಿಟ್ಬಿಡ್ಲಾ?"

"ಅಷ್ಟು ಯಾಕೆ ಬೇಕು ನಿಂಗೆ ಅದು?"

ಕೇಳಬಾರದಿತ್ತು. ಅವಳು ಫೋನನ್ನು ತಟ್ಟೆಯ ಪಕ್ಕ ಕವುಚಿಟ್ಟಳು. ಕರವಸ್ತ್ರದ ಮೂಲೆಯನ್ನು ಬೆರಳಿಗೆ ಸುತ್ತತೊಡಗಿದಳು.

"ನೀನು ಗಾಜು ಅಂದ್ಯಲ್ಲ, ಅದನ್ನ ನಾನು ಅಮ್ಮಂಗೆ ಹೇಳ್ಬಿಟ್ಟೆ. ಹೇಳೋ ಅಗತ್ಯ ಏನಿತ್ತು? ದಿನಾ ಅದೇ ಕತೆ ಹೇಳ್ತಿದ್ಲು, ಆಶ್ರಮದ ಹುಡುಗೀರ್ಗೆಲ್ಲ. ಅಪ್ಪ ತಂದಿದ್ದು, ಹೊಳೇದು, ನನ್ ಮದ್ವೆಗೇಂತ ಮೂರು ಬೇಸಿಗೆ ನೀರಲ್ಲಿ ನಿಂತಿದ್ದ ಅಂತ. ನಂಗೆ ಏನೋ ಅವತ್ತು ರೇಗ್ತು. ಅಮ್ಮಾ, ಅದು ಗಾಜು, ಡೂಗಿ ನೋಡಿ ಹೇಳಿದ್ದಾನೆ ಅಂದೆ." ಶೋನಾ ಮೂಗು ಒರೆಸಿಕೊಂಡಳು. "ಅಮ್ಮ ಕನ್ನಡಕ ತೆಗೆದು ಒರೆಸ್ಕೊಂಡ್ಲು. 'ಡೂಗಿ ಅಂದ್ನಾ? ಹಾಗಾದ್ರೆ ಗಾಜೇ ಇರ್ಬೇಕು. ಅವನ್ ಕಣ್ಣು ತಪ್ಪಲ್ಲ. ಪಾಪ ಅಪ್ಪ, ನಂಗೆ ಮನಸ್ಸು ನೋಯ್ಬಾರ್ದು ಅಂತ ಸುಳ್ಳು ಹೇಳಿರ್ಬೇಕು' ಅಂದ್ಲು. ಅಷ್ಟೇ. ಆಮೇಲೆ ಸಾಯೋವರೆಗೂ ಹೊಳೆ ಕತೆ ಎತ್ಲಿಲ್ಲ. ನಿಂಗೊಂದು ಹಗ್ಗ ಕೊಡೂಂತ ಹೇಳಿದ್ದೂ ಅವತ್ತೇ. ಅದಕ್ಕೇ ಗಾಜಾಗ್ಲಿ ಕಲ್ಲಾಗ್ಲಿ, ನಂಗದು ಬೇಕು. ಹೋಗಿ ಅವಳ ಸಮಾಧಿ ಹತ್ರ ಹೂತಿಟ್ಟು, ತಪ್ಪಾಯ್ತಮ್ಮ ಅನ್ಬೇಕು."

ಗಡಿಯಾರ ನೋಡಿದ. ಮೂರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಪಕ್ಕದ ಮೇಜಿನಲ್ಲಿ ಯಾರೋ ಉಪ್ಪು ಕೇಳುತ್ತಿದ್ದರು. ಅವನ ಅಂಗಡಿಯ ಕತ್ತಲೆ ಕೋಣೆಯಲ್ಲಿ ಎಫಿ ಗಲ್ಲವನ್ನು ಯಂತ್ರದ ಮೇಲಿಟ್ಟು ಕೂತಿರುತ್ತಿದ್ದದ್ದು, ಇದು ಚೆನ್ನಾಗಿ ಕಾಣುತ್ತಾ, ಇದಾ ಎಂದು ಅವನು ಗಾಜು ಬದಲಿಸಿದಂತೆಲ್ಲ, "ನೀನು ಹೇಳಿದ್ದೇ ಸರಿ ಕಣಪ್ಪ, ನಂಗೇನು ಗೊತ್ತಾಗುತ್ತೆ" ಎನ್ನುತ್ತಿದ್ದದ್ದು ನೆನಪಾಯಿತು. ಈಗಲೂ ಒಂದು ದಾರಿಯಿದೆ ಎಂದು ಆ ಲೆಕ್ಕದ ಮೂಲೆ ಪಿಸುಗುಟ್ಟಿತು: ಕೂಗುತ್ತಿದ್ದವನು ನಾನೇ, ನಿನಗೆ ಕೊಡಬೇಕೆಂದೇ ಕೊಳ್ಳುತ್ತಿದ್ದೆ, ಆಶ್ಚರ್ಯವಾಗಲಿ ಎಂದು ಹೇಳಲಿಲ್ಲ. ಅವಳು ಅಳುತ್ತಾಳೆ, ಎಲ್ಲರೆದುರು ಅಪ್ಪಿಕೊಳ್ಳುತ್ತಾಳೆ, ಹೆಕ್ಟರ್ ಬೆನ್ನು ತಟ್ಟುತ್ತಾನೆ. ಅದು ನಡೆದೇ ಹೋಯಿತೆಂಬಂತೆ ಅವಳ ಕೆನ್ನೆಯ ಒದ್ದೆ ತನ್ನ ಕೆನ್ನೆಗೆ ತಾಗಿದ್ದೂ ಅವನಿಗೆ ಗೊತ್ತಾಯಿತು. ಎಷ್ಟು ಸಲೀಸು. ಇಡೀ ಊರಿಗೆ ತಾನು ಒಳ್ಳೆಯವನಾಗಿ ಉಳಿಯುತ್ತೇನೆ. ಹೊಳೆಯಲ್ಲಿ ನಿಂತವನು ಮಾತ್ರ ಸುಳ್ಳುಗಾರನಾಗಿ ಸತ್ತಂತೆಯೇ ಉಳಿಯುತ್ತಾನೆ. ಮೂರು ಬೇಸಿಗೆ.

"ಗಾಜಲ್ಲ," ಎಂದ.

"ಏನು?"

"ಗಾಜಲ್ಲ ಶೋನಾ. ಮುತ್ತು. ಹೊಳೇದೇ. ನಂಗೆ ಅವತ್ತೇ ಗೊತ್ತಿತ್ತು." ಫೋನ್ ತೆಗೆದು ಅವಳ ಮುಂದಿಟ್ಟ. ಪರದೆಯ ಮೇಲೆ ಬ್ರೋಚಿನ ಚಿತ್ರ, ಕೆಳಗೆ ಅವನೇ ಮುಂದಿರುವ ಮಾತು. "ಕಾಯ್ಕೊಂಡು ಕೂತಿದ್ದ ದರಿದ್ರದವನು ನಾನೇ. ಮೊದಲನೇ ಬೆಲೆ ಹಾಕಿದವನೂ ನಾನೇ."

ಅವಳು ಆ ಫೋನನ್ನು ನೋಡಿದಳು, ತನ್ನದನ್ನು ತಿರುಗಿಸಿ ನೋಡಿದಳು. ಎರಡರಲ್ಲೂ ಒಂದೇ ಚಿತ್ರ. ಕೂಗಾಡುತ್ತಾಳೆಂದು ಅವನು ಕಾದ; ಕೂಗಾಡಿದ್ದರೆ ಹಗುರವಾಗುತ್ತಿತ್ತು. ಅವಳ ಕುತ್ತಿಗೆ ಕೆಂಪಾಗುತ್ತಾ ಬಂತು. ಅವನನ್ನಲ್ಲ, ತಟ್ಟೆಯನ್ನು ನೋಡುತ್ತಾ ಕೇಳಿದಳು:

"ಹಾಗಾದ್ರೆ ತಾತ ಸುಳ್ಳು ಹೇಳಿರ್ಲಿಲ್ಲ?"

"ಇಲ್ಲ."

"ನಾನು ಹೇಳ್ದೆ."

"ಇಲ್ಲ, ನೀನಲ್ಲ, ನಾನು..."

"ಅಮ್ಮನ ಮುಂದೆ ಕೂತು ಹೇಳಿದ್ದು ನಾನು, ಡೂಗಿ. ನೀನಲ್ಲ." ಅವಳ ಧ್ವನಿ ಏರಲಿಲ್ಲ. ಊರೆಲ್ಲ ಅಲ್ಲಿತ್ತು. ಅವಳಿಗೆ ಆ ಮಾತನ್ನು ಇನ್ನು ತಾಯಿಯ ಮುಂದೆ ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲವೆಂದು, ನಿಜ ಹೇಳಿ ತಾನು ಹಗುರಾಗಲು ಹೋಗಿ ಭಾರವನ್ನು ಅವಳ ಮಡಿಲಿಗೆ ಇಳಿಸಿದೆನೆಂದು ಅವನಿಗೆ ಆಗ ಹೊಳೆಯಿತು.

"ಅದನ್ನ ನಿಂಗೆ ತಂದ್ಕೊಡ್ತೀನಿ. ಇವತ್ತೇ. ಅದು ನಿಂದೇ."

"ತಂದು ಬಾಗಿಲ ಹತ್ರ ಇಟ್ಟು ಹೋಗು. ಬೆಲ್ ಮಾಡ್ಬೇಡ." ಕರವಸ್ತ್ರವನ್ನು ಬೆರಳಿನಿಂದ ಬಿಚ್ಚಿ ನಾಲ್ಕಾಗಿ ಮಡಚಿದಳು. ಆಮೇಲೆ ಮೇಜಿನ ಕೆಳಗಿನಿಂದ, ಯಾರಿಗೂ ಕಾಣದಂತೆ, ಅಂಗೈ ಚಾಚಿದಳು. "ಕಾರ್ಡು ಕೊಡು."

ಯಾವ ಕಾರ್ಡೆಂದು ಅವನು ಕೇಳಲಿಲ್ಲ. ಎದೆಯ ಜೇಬಿನಿಂದ ತೆಗೆಯುವಾಗ ಅದರ ಒಂದು ಮೂಲೆ ಬಟ್ಟೆಗೆ ಸಿಕ್ಕಿಕೊಂಡಿತು. ಬಿಡಿಸಿ ಅವಳ ಕೈಯಲ್ಲಿಟ್ಟ. ಅವಳು ನೋಡದೆಯೇ ಕೈಚೀಲಕ್ಕೆ ಹಾಕಿ ಚೀಲದ ಬಾಯಿ ಮುಚ್ಚಿದಳು. ಅವನು ಕುರ್ಚಿ ಹಿಂದಕ್ಕೆ ಸರಿಸಿದ.

"ಕೂತ್ಕೋ," ಎಂದಳು ಶೋನಾ, ಎದುರಿನ ಮೇಜಿನ ಯಾರಿಗೋ ತಲೆಯಾಡಿಸುತ್ತಾ. "ಈಗ ಎದ್ದು ಹೋದ್ರೆ ಯಾಕೆ ಅಂತ ಕೇಳ್ತಾರೆ. ನಾನು ಹೇಳ್ಬೇಕಾಗುತ್ತೆ. ಊಟ ಮುಗಿಸಿ ಹೋಗು." ಹಿಮ್ಮಡಿಯನ್ನು ಬೂಟಿನೊಳಗೆ ತುರುಕಿಕೊಂಡು ಪಾದ್ರಿಯಿದ್ದ ಕಡೆಗೆ ಎದ್ದುಹೋದಳು.

ಅವನು ಕೂತ. ತಟ್ಟೆಯಲ್ಲಿ ಪೈ ಅರ್ಧ ಉಳಿದಿತ್ತು, ಗ್ರೇವಿ ಕೆನೆಗಟ್ಟಿತ್ತು. ತಿಂದ. ಮೇಜಿನ ಮೇಲೆ ಫೋನು ಗುರ್ರೆನ್ನುತ್ತಾ ಚಮಚದ ಪಕ್ಕದವರೆಗೆ ಸರಿದು ನಿಂತಿತು: ಅಭಿನಂದನೆಗಳು, ವಸ್ತು ನಿಮ್ಮದಾಗಿದೆ. ಅದನ್ನು ಕವುಚಿಹಾಕಿದ. ಹೆಕ್ಟರ್ ಆಲೂಗಡ್ಡೆಯ ಬಟ್ಟಲನ್ನೂ ಪೈಯ ದೊಡ್ಡ ತಟ್ಟೆಯನ್ನೂ ಎರಡು ಕೈಗಳಲ್ಲಿ ಹಿಡಿದು ಬಂದು ಮೇಲೆ ನಿಂತ.

"ಇದೇನಯ್ಯ, ಹಕ್ಕಿ ತಿಂದ ಹಾಗೆ ತಿಂತಿದೀಯ? ಇನ್ನೊಂದು ತುಂಡು ಹಾಕ್ಸ್ಕೋ. ಹಗ್ಗ ಹಿಡಿದವ್ರು ಅರೆಹೊಟ್ಟೇಲಿ ಎದ್ರೆ ಎಫಿ ಎದ್ಬಂದು ಬೈತಾಳೆ."

ಸಭಾಂಗಣದ ಆ ತುದಿಯಿಂದ ಶೋನಾ ಇತ್ತ ನೋಡುತ್ತಿದ್ದಳು. ಡೂಗಲ್ಡ್ ತಟ್ಟೆಯನ್ನು ಮುಂದೆ ಚಾಚಿದ.